ಮೂರನೇ ಪ್ಲಾಟ್‌ಫಾರ್ಮು

ಅರಸೀಕೆರೆ ಜಂಕ್ಷನ್ನಿನ ಎದುರು ಸಂದಿಯಲ್ಲಿ
ಒಂದೂವರೆ ಆಳು ಹಿಡಿಸುವ ಅಂಗಡಿ ನನ್ನದು.
ಒಂದು ನಾನು. ಉಳಿದರ್ಧ ಟೇಬಲ್ ಫ್ಯಾನು.
ಹಗಲೆಲ್ಲ ಫೋನುಗಳ ಹೊಟ್ಟೆ ಬಿಚ್ಚುತ್ತೇನೆ.

ಸೇಬಿನದಾದರೆ ಐದೆಸಳಿನ ಸ್ಕ್ರೂ,
ಸಾಸಿವೆಗಿಂತ ಸಣ್ಣದು, ಕೆಳಗೆ ಬಿದ್ದರೆ
ಉಸಿರು ಬಿಗಿಹಿಡಿದು ಹುಡುಕಬೇಕು.
ಮಿಕ್ಕವಕ್ಕೆ ಕೂಡಿಸುವ ಚಿಹ್ನೆ,
ತಲೆ ಸವೆದರೂ ಹೇಗೋ ತಿರುಗುತ್ತದೆ.
ಎರಡರ ಚಾರ್ಜಿಂಗ್ ಬಾಯಲ್ಲೂ
ಈ ಊರಿನ ತೆಂಗಿನ ನಾರಿನ ಪುಡಿ.
ಸೂಜಿಯಲ್ಲಿ ಕೆದಕಿ ತೆಗೆಯುತ್ತೇನೆ, ಇಪ್ಪತ್ತು ರೂಪಾಯಿ,
ಎರಡಕ್ಕೂ ಅಷ್ಟೇ.

ರಾತ್ರಿ ಒಂಬತ್ತಕ್ಕೆ ಹುಡುಗರೆಲ್ಲ ಮೂರನೇ ಪ್ಲಾಟ್‌ಫಾರ್ಮಿಗೆ.
ಪುಕ್ಕಟೆ ವೈಫೈ ನೀರಿನ ನಲ್ಲಿಯ ಹತ್ತಿರ ಮಾತ್ರ ಗಟ್ಟಿ;
ಹಾಗಾಗಿ ಯುದ್ಧವೂ ಅಲ್ಲೇ, ಕಾಲಡಿಯ ಕೆಸರಲ್ಲಿ.

ಆ ಕಡೆ ಕಲಂದರ್. ಮೂರು ಕೈ ದಾಟಿ ಬಂದ ಐಫೋನು,
ಬ್ಯಾಟರಿಯ ಆರೋಗ್ಯ ಎಪ್ಪತ್ತೊಂದು ಅಂತ
ತಾನೇ ಹೇಳಿಕೊಳ್ಳುತ್ತದೆ, ಬೀಪಿ ಇರುವ ಮಾವನ ಹಾಗೆ.
ಈ ಕಡೆ ಯೋಗಾನಂದ. ಹೊಸಾ ಆಂಡ್ರಾಯ್ಡು,
ಇನ್ನೂ ಒಂಬತ್ತು ಕಂತು ಬಾಕಿ,
ಬೆನ್ನಿಗೆ ಕಚ್ಚಿಸಿದ ಪುಟ್ಟ ಫ್ಯಾನು ಗುಂಯ್ ಎನ್ನುತ್ತದೆ.
ಇಬ್ಬರೂ ಹೆಬ್ಬೆರಳಿಗೆ ಪೌಡರು ಬಳಿದು ಕೂತರೆ
ಹೆಣ್ಣು ನೋಡಲು ಹೊರಟಂತೆ.

‘ನಿಂದು ಗೇಟು ಹಾಕಿದ ಲೇಔಟು ಕಣ್ಲಾ,
ಒಂದು ಫೈಲು ಒಳಕ್ಕೆ ಬಿಡಕ್ಕೂ ಸಾಹೇಬ್ರ ಅಪ್ಪಣೆ.’
‘ನಿಂದು ಸಂತೆ ಕಣ್ಲಾ. ಗುರಿ ಇಟ್ಟು ಗುಂಡು ಹೊಡೆಯೋ ಹೊತ್ಗೆ
ಸಾಲ ಬೇಕಾ ಅಂತ ಜಾಹೀರಾತು ಬತ್ತದೆ.’
ನಡುವೆ ಗೂಡ್ಸು ಗಾಡಿ ಬಂದರೆ ಐವತ್ತೆಂಟು ಡಬ್ಬಿ ಮುಗಿಯುವ ತನಕ
ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಾರೆ.

ಇವರ ಬೆನ್ನ ಹಿಂದೆ ದಾಕ್ಷಿ.
ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಮಾರುವವಳು,
ಹದಿಮೂರು ತುಂಬಿಲ್ಲ.
ಇಬ್ಬರ ಭುಜದ ಮೇಲಿಂದ ನೋಡಿ ನೋಡಿ
ಆ ನಕ್ಷೆಯ ಗುಡ್ಡ, ಗೋಡೌನು, ಸೇತುವೆಯ ಬುಡ
ಅವಳಿಗೆ ಮಗ್ಗಿಯ ಹಾಗೆ ಬಾಯಿಪಾಠ.

ಅವಳಮ್ಮನ ಫೋನು ಏನು ಕೇಳಿದರೂ ಜಾಗವಿಲ್ಲ ಅನ್ನುತ್ತದೆ.
‘ಏನು ಅಳಿಸ್ಲಿ ಹೇಳಕ್ಕ’ ಅಂತ ತಂದಿದ್ದಳು ಒಮ್ಮೆ.
ನೋಡಿದೆ: ಸಂಘದ ಸಾಲದ ಚೀಟಿ, ರೇಷನ್ ಕಾರ್ಡು ನಾಲ್ಕು ಸಲ,
ಯಾರದೋ ಎಕ್ಸ್‌ರೇ, ಕಳೆದುಹೋದ ಆಡಿನ ಎಡಗಡೆಯ ಫೋಟೋ.
ಯಾವುದೂ ಅಳಿಸುವ ಹಾಗಿರಲಿಲ್ಲ.

ತಪ್ಪು ಅಂತ ಗೊತ್ತು. ಆದರೂ ಡ್ರಾಯರು ಎಳೆದೆ.
ಗಿರಾಕಿ ಇನ್ನೂ ಬಂದಿರಲಿಲ್ಲ,
ಫೋನಿನ ಬೆನ್ನಿಗಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡು, ಒಳಗೆ ಅದೇ ಆಟ.
‘ಕೈ ತೊಳ್ಕೊಂಡು ಬಾ’ ಅಂದೆ.
ತೊಳೆದಳೋ, ಲಂಗಕ್ಕೆ ಒರೆಸಿದಳೋ.
ರೂಮಿನ ನಂಬರನ್ನು ಆ ಹುಡುಗರೇ ರಸ್ತೆಗೆ ಕೇಳುವ ಹಾಗೆ ಕೂಗುತ್ತಿದ್ದರು.

ಹನ್ನೊಂದು ನಿಮಿಷ.
ನೀರಿನ ಟ್ಯಾಂಕಿನ ಹಿಂದೆ ಕಲಂದರ್ ಬಿದ್ದ,
ಅವನ ಬಂದೂಕು ಆರಿಸಲು ಬಗ್ಗಿದ ಯೋಗಾನಂದನೂ ಬಿದ್ದ.
ಪರದೆಯ ಮೇಲೆ ಬರೀ ಗೆಸ್ಟು, ಮುಂದೆ ನಾಲ್ಕಂಕಿ.
ದಾಕ್ಷಿ ಫೋನು ಕೊಟ್ಟು ಬುಟ್ಟಿ ಎತ್ತಿಕೊಂಡಳು,
ಮೈಸೂರಿನ ಗಾಡಿ ಬರುವ ಹೊತ್ತು.

ಬೆಳಗ್ಗೆ ಷಟರು ಅರ್ಧ ಎತ್ತುವಷ್ಟರಲ್ಲಿ ಇಬ್ಬರೂ ಹಾಜರು.
‘ಅಕ್ಕ, ಈ ರೆಕಾರ್ಡಿಂಗ್ ನೋಡಿ. ಎಷ್ಟು ನುಣ್ಣಗೆ ತಿರುಗವ್ನೆ!
ಐಫೋನೇ ಇದು.’
‘ಎಲ್ಲಿಂದ? ನೂರಿಪ್ಪತ್ತರ ಸ್ಕ್ರೀನಿಲ್ದೆ ಅಷ್ಟು ಬೇಗ ಆಗ್ತದಾ?
ನಮ್ಮೋನೇ ಇವ್ನು.’
ಸತ್ತವರಿಬ್ಬರಿಗೂ
ಕೊಂದವನು ತಮ್ಮ ಕಡೆಯವನು ಅಂತ ಹೆಮ್ಮೆ.
ನಾನು ಚಿಮಟ ಹಿಡಿದು ಸ್ಕ್ರೂ ಹುಡುಕಿದೆ,
ಎಷ್ಟು ಎಸಳಿನದೆಂದು ನಿಮಗೂ ಹೇಳುವುದಿಲ್ಲ.

ಹನ್ನೊಂದಕ್ಕೆ ಫೋನಿನ ಯಜಮಾನರು ಬಂದರು.
ದುಡ್ಡು ಎಣಿಸಿ, ಫೋನು ಕಿವಿಗಿಟ್ಟು, ಯಾಕೋ ಸೀನಿದರು.

ಸಂಜೆ ಬುಟ್ಟಿ ಇಳಿಸದೆಯೇ ಇಣುಕಿತು ಒಂದು ತಲೆ:
‘ಅಕ್ಕ, ಇವತ್ತು ಯಾವ್ದು ರಿಪೇರಿ ಆಗೈತೆ?’