ಸಿಪ್ರಿಯನ್ ಮಾಸ್ತರರ ಕುದುರೆ

ಫೋರ್ಟಿನ ರಾತ್ರಿಶಾಲೆ. ಎಂಟರ ತನಕ ಲೋಟ ತೊಳೆದು
ಒದ್ದೆ ಬೆರಳಲ್ಲೇ ನಕಾಶೆ ಬಿಡಿಸುತ್ತಿದ್ದೆವು.
ಸಿಪ್ರಿಯನ್ ತಾವ್ರೋ ಮಾಸ್ತರರ ಸೀಮೆಸುಣ್ಣ
ಕೃಷ್ಣೆ ದಾಟಿ, ಕಡಲು ದಾಟಿ, ಅದು ಹೇಗೋ
ಪ್ರತಿ ಸಲ ಟೆನೆಸಿಗೇ ಹೋಗಿ ನಿಲ್ಲುತ್ತಿತ್ತು.

ಅಲ್ಲಿ ಜೋಳ ಬೆಳೆಯುತ್ತಾರೆ, ಕುದುರೆ ಸಾಕುತ್ತಾರೆ,
ಹೆಂಡತಿ ಬಿಟ್ಟುಹೋದರೆ ಹಾಡು ಕಟ್ಟುತ್ತಾರೆ, ಎನ್ನುತ್ತಿದ್ದರು.
ಪರೀಕ್ಷೆಯಲ್ಲಿ ಅದನ್ನೇ ಬರೆದೆ.
ತಿದ್ದಿದವರು ಹೊರಗಿನವರು. ಸೊನ್ನೆ.

ಶನಿವಾರ ಬೇರೆಯೇ ಮನುಷ್ಯ:
ಕಲೀನಾದ ಮದುವೆ ಚಪ್ಪರ, ಚೋರ್ ಬಜಾರಿನ ಗಿಟಾರು,
ತಲೆಗಿಂತ ಎರಡಳತೆ ದೊಡ್ಡ ಟೋಪಿ.
ಕುಣಿಯುವಂಥದ್ದು ಹಾಡಿ ಮಾಸ್ತರರೇ ಎಂದರೆ
ಒಂದು ನಿಮಗೆ, ಒಂದು ನನಗೆ
ಎಂದು ಚೌಕಾಸಿ ಮಾಡುತ್ತ ಮೂವತ್ತೊಂದು ವರ್ಷ.

ಪ್ರಾವಿಡೆಂಟ್ ಫಂಡು ಮುರಿದು ಮಾಡಿಸಿದ ಕ್ಯಾಸೆಟ್ಟು ಇನ್ನೂರು.
ನೂರ ಅರವತ್ತಮೂರು ಮಂಚದಡಿ.
ಬೆನೆಡಿಕ್ಟಾ ಬಾಯಿ ದಿನವೂ
ಪೆಟ್ಟಿಗೆ ಸರಿಸಿ, ಗುಡಿಸಿ, ಮತ್ತೆ ಅಲ್ಲೇ ತಳ್ಳುತ್ತಿದ್ದರು.
ಒಂದು ಮಾತಾಡಿದ್ದಿಲ್ಲ.
ಬಿಟ್ಟೂ ಹೋಗಲಿಲ್ಲ.

ಕುದುರೆ ಹತ್ತಿದ್ದೀರಾ ಸಾರ್?
ಜುಹೂ ದಂಡೆಯಲ್ಲಿ, ಐದು ರೂಪಾಯಿಗೆ ಒಂದು ಸುತ್ತು.
ಹಗ್ಗ ಹಿಡಿದವನು ಬಿಡಲೇ ಇಲ್ಲ ನೋಡು, ಅಂದಿದ್ದರು.

ಮೊನ್ನೆ ನನ್ನ ಹೋಟೆಲಿಗೆ ಬಂದರು. ಎಪ್ಪತ್ತೆಂಟು.
ಟೀ ಆರುವ ತನಕ ಸುಮ್ಮನಿದ್ದು
ಶುಕ್ರವಾರ ರಾತ್ರಿ, ಗಲ್ಲಾದ ಪಕ್ಕ,
ಒಂದು ಸ್ಟೂಲಿನಷ್ಟು ಜಾಗ ಕೊಡುತ್ತೀರಾ
ಎಂದು ಕೇಳಿದರು, ನನ್ನನ್ನು, ಬಹುವಚನದಲ್ಲಿ.
ಹಾಜರಿ ಕೂಗಿದಂತೆ ಎದ್ದು ನಿಂತೆ.

ನಾಳೆ ಶುಕ್ರವಾರ.
ಸ್ಟೂಲಿನ ಒಂದು ಕಾಲು ಗಿಡ್ಡ.
ಹಳೆಯ ಬಿಲ್ಲುಗಳನ್ನು ಮಡಚಿ ಮಡಚಿ
ಅಡಿಗೆ ಕೊಟ್ಟು ನೋಡುತ್ತಿದ್ದೇನೆ.