ಮಸಿಚೀಲ

ಕಾಜುಬಾಗಿನಲ್ಲಿ ರಾಯ್ಕರರ ಗಡಿಯಾರದಂಗಡಿ
ಭಾನುವಾರ ಅರ್ಧ ಷಟರು ಎಳೆದುಕೊಂಡಿರುತ್ತದೆ.
ಬಗ್ಗಿ ಒಳಗೆ ಬರುವವರು ನಾವು ಮೂವರೇ,
ಪೆನ್ನಿನ ಹುಚ್ಚು ಹಿಡಿಸಿಕೊಂಡವರು. ಸಂಘವೆಂದು ಹೆಸರಿಟ್ಟಿಲ್ಲ,
ಹೆಸರಿಟ್ಟರೆ ಅಧ್ಯಕ್ಷರು ಬೇಕಾಗುತ್ತಾರೆ.

ಇವತ್ತು ನಾಲ್ಕನೆಯವಳು: ತಾರಾಮತಿ ತಾಂಡೇಲ,
ಜಿಲ್ಲಾಸ್ಪತ್ರೆಯ ನರ್ಸು, ರಾತ್ರಿಪಾಳಿ ಮುಗಿಸಿ ನೇರ ಬಂದವಳು,
ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿ ತಂದಿದ್ದಾಳೆ
ಅಜ್ಜನ ಪೆನ್ನು.
ಕಾಳಿಗೆ ಸೇತುವೆ ಇಲ್ಲದ ಕಾಲಕ್ಕೆ
ಕೋಡಿಬಾಗಿನಿಂದ ಸದಾಶಿವಗಡಕ್ಕೆ ಲಾಂಚು ನಡೆಸುತ್ತಿದ್ದವ,
ಜೇಬಿಗೆ ಇದಿಲ್ಲದೆ ಚುಕ್ಕಾಣಿ ಮುಟ್ಟುತ್ತಿರಲಿಲ್ಲವಂತೆ.
"ಬರೆಯುತ್ತಿದ್ದರೇ?" ಕೇಳಿದೆ.
"ಯಾರಿಗೆ ಗೊತ್ತು. ಫೋಟೋದಲ್ಲಿದೆ."

ಸೆಲ್ಯುಲಾಯ್ಡ್.
ಹಸಿರು, ಹಸಿರಿನೊಳಗೆ ಕಂದು, ಕಂದಿನೊಳಗೊಂದು ಮುತ್ತಿನ ಪದರ,
ನೀರಿಳಿದ ಹೊತ್ತು ಕಪ್ಪೆಚಿಪ್ಪಿನ ಒಳಮೈ ಹೊಳೆದ ಹಾಗೆ.
ಪಾಸ್ಕಾಲ ಅಂಗೈಗೆ ತಿಕ್ಕಿ ಮೂಸಿದ,
ಎಲ್ಲರ ಮೂಗಿಗೂ ಹಿಡಿದ:
ಕರ್ಪೂರ!
ಎಪ್ಪತ್ತು ವರ್ಷ ಜೇಬಿನಲ್ಲಿ ಬೆವತು, ಪೆಟ್ಟಿಗೆಯಲ್ಲಿ ಮುಗ್ಗಿ
ಇನ್ನೂ ಪೂರ್ತಿ ಹಾರಿಹೋಗಿಲ್ಲ.
"ಜೀವ ಇದೆ" ಅಂದರು ರಾಯ್ಕರರು,
"ಬೆಂಕಿಯ ಹತ್ತಿರ ಮಾತ್ರ ಬೇಡ. ಭುಗ್ ಅಂದರೆ ಮುಗಿಯಿತು,
ಆರತಿಗೂ ಮಿಗುವುದಿಲ್ಲ."

ಆದರೆ ಪಕ್ಕದ ಸನ್ನೆ ಏಳಲೊಲ್ಲದು.
ಬಲವಂತ ಮಾಡಿದರೆ ಮೈ ಸೀಳುತ್ತದೆ;
ಇಂಥದೊಂದನ್ನು ಸೀಳಿದ ಪಾಪ ಈಗಾಗಲೇ ನನ್ನ ತಲೆಯ ಮೇಲಿದೆ,
ಅಂಕೋಲೆಯ ಒಬ್ಬ ಮಾಸ್ತರರದು, ಅವರಿಗೆ ಇನ್ನೂ ಹೇಳಿಲ್ಲ.
ಸ್ಟೀಲ್ ಬೋಗುಣಿಯಲ್ಲಿ ತಣ್ಣೀರು,
ಪೆನ್ನಿನ ಮೂತಿ ಅದ್ದಿಟ್ಟು ಕಾದೆವು.
ಬೈತಖೋಲದ ಕಡೆಯಿಂದ ಟ್ರಾಲರುಗಳ ಸದ್ದು,
ಚಹಾ ಎರಡು ಸಲ.
ಆಮೇಲೆ ನೀರಿನೊಳಗೆ ಒಂದೇ ಒಂದು ಎಳೆ ಇಳಿಯಿತು,
ನೇರಳೆ.
ಯಾರೂ ಮಾತಾಡಲಿಲ್ಲ.

ಪಾಸ್ಕಾಲನ ಮಗಳ ಪಾರ್ಲರಿನ ಹೇರ್ ಡ್ರೈಯರಿನಲ್ಲಿ
ದೂರದಿಂದ ಊದಿ ಊದಿ, ಕೈ ಸುಡದಷ್ಟೇ ಬೆಚ್ಚಗೆ ಮಾಡಿ
ಮೆಲ್ಲಗೆ ಅಲ್ಲಾಡಿಸಿದೆವು. ಕೊರಳು ಬಿಟ್ಟಿತು.
ಒಳಗೆ ರಬ್ಬರಿನ ಮಸಿಚೀಲ
ಗೋಡೆ ಕಚ್ಚಿ ಕಲ್ಲಾಗಿ ಕೂತಿದೆ.
ರಾಯ್ಕರರ ಚಿಮಟ ನಡುಗುತ್ತದೆ, ನನ್ನ ಕಣ್ಣು ಮಂಜು.
"ಮಾಣಕಿಯದೂ ಹೀಗೇ ಅಲ್ಲವಾ" ಅಂದಳು ತಾರಾಮತಿ,
"ಅಜ್ಜಿ ಕಲಿಸಿದ್ದಳು. ಮಸಿಚೀಲ ಒಡೆಯಬಾರದು,
ಒಡೆದರೆ ಸಾರೆಲ್ಲ ಕಪ್ಪು."
ಚಿಮಟ ಕಸಿದುಕೊಂಡಳು.
ಚೂರು ಚೂರಾಗಿ ಬಂತು, ಸುಟ್ಟ ಸೀಗಡಿಸಿಪ್ಪೆಯಂತೆ,
ಕೊನೆಯ ಚೂರಿನವರೆಗೂ ಬಂತು.

ಹೊಸ ಚೀಲದ ಬಾಯಿಗೆ ಅಕ್ಕಸಾಲೆಯ ಅರಗು, ಮೈಗೆ ಮಕ್ಕಳ ಪೌಡರು.
ಸನ್ನೆ ಎದ್ದಿತು, ಮಲಗಿತು.
ಪೆನ್ನು ಗುಟುಕು ಗುಟುಕಾಗಿ ಕುಡಿಯಿತು.

ಮೊದಲು ರಾಯ್ಕರರು ಬರೆದರು: ಕರಕರ.
ಪಾಸ್ಕಾಲ ಬರೆದ: ಕಾಗದ ಹರಿಯಿತು.
ಭೂತಗನ್ನಡಿ ಹಚ್ಚಿ ನೋಡಿದೆ.
ತುದಿ ಸವೆದಿದೆ. ಚೆನ್ನಾಗಿಯೇ ಸವೆದಿದೆ,
ವರ್ಷಗಟ್ಟಲೆ ಬರೆದ ಸವೆತ.
ಆದರೆ ಓರೆ ಆಚೆ ಮಗ್ಗುಲಿಗಿದೆ.
"ನಿಮ್ಮಜ್ಜ ಎಡಗೈಯವರೇ?"

"ಅಜ್ಜ ಅಲ್ಲ" ಅಂದಳು.
ತಡೆದು,
"ಅಜ್ಜಿ ಎಡಚಿ. ಮೀನು ಕೊಯ್ಯುವುದೂ ಎಡಗೈಲೇ.
ಆದರೆ ರೇಷನ್ ಅಂಗಡಿಯಲ್ಲಿ ಅಜ್ಜಿ ಹೆಬ್ಬೆಟ್ಟು."

ಪೆನ್ನು ತಗೊಂಡಳು. ಎಡಗೈಗೆ.
ಚಿಮಟ ಹಿಡಿದದ್ದೂ ಅದೇ ಕೈ, ನಾವು ನೋಡಿರಲಿಲ್ಲ.
ಒಂದು ಗೆರೆ ಎಳೆದಳು.
ಸದ್ದಿಲ್ಲ.
ಇಂಜಿನ್ ನಿಲ್ಲಿಸಿದ ಲಾಂಚು
ತಾನೇ ತೇಲಿ ದಡಕ್ಕೆ ತಾಗಿದ ಹಾಗೆ
ಗೆರೆ ಕಾಗದದಂಚು ಮುಟ್ಟಿತು.

ಏನು ಬರೆದಿದ್ದಾಳು? ಯಾರಿಗೆ? ಆ ಕಾಗದಗಳೆಲ್ಲಿ?
ಯಾರೂ ಕೇಳಲಿಲ್ಲ. ಬೆಲೆ ಹೇಳಬೇಕೆಂದಿದ್ದ ರಾಯ್ಕರರು
ಪಾಕೀಟು ಮತ್ತೆ ಜೇಬಿಗಿಟ್ಟರು.
ಪಾಸ್ಕಾಲ ಎದ್ದು ಬೋಗುಣಿ ಎತ್ತಿದ,
ನೇರಳೆ ನೀರು ಅಂಚಿಗೆ ತುಳುಕಿತು.
"ಚೆಲ್ಲಲಾ?"

"ಸ್ವಲ್ಪ ಇರಲಿ" ಅಂದು ತಾರಾಮತಿ
ಅದಕ್ಕೊಂದು ತಟ್ಟೆ ಮುಚ್ಚಿದಳು.