ಒಸರು

ಬಿಕರ್ನಕಟ್ಟೆಯ ಇಳಿಜಾರಿನಲ್ಲಿ ನಮ್ಮ ಮನೆ.
ರಸ್ತೆಯಿಂದ ನೋಡಿದರೆ ಒಂದು ಮಾಳಿಗೆ,
ಹಿಂದಿನ ಓಣಿಯಿಂದ ಬಂದವರಿಗೆ ಎರಡು.
ಆ ಕೆಳಗಿನದ್ದರಲ್ಲಿ,
ಮೂರು ಬದಿ ಮಣ್ಣಿನಲ್ಲಿ ಹೂತ ಕೋಣೆಯಲ್ಲಿ
ನಾನು ಹಲ್ಲು ಮಾಡುತ್ತೇನೆ.

ಮೇಲಿನ ಸೆಟ್ಟು, ಕೆಳಗಿನ ಸೆಟ್ಟು, ಬಿಡಿ ಹಲ್ಲು.
ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರು ಸುರಿದರೆ
ಬಾಯಿ ಮೂಡುತ್ತದೆ, ಮುಖವಿಲ್ಲದೆ.
ಕಪಾಟಿನ ತುಂಬ ಊರಿನ ಒಸಡುಗಳು:
ಬಂದರಿನ ಒಣಮೀನು ವ್ಯಾಪಾರಿ,
ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದವರು,
ಮೊಮ್ಮಗಳ ರೋಸಿಗೆ ಮೊದಲೇ ಬೇಕೆಂದ ಸೆಲ್ಲಿಬಾಯಿ.

ಜೂನ್ ಬಂದರೆ ಈ ಬಾಯಿಗಳಿಗೆಲ್ಲ ಬೂಷ್ಟು.
ಪ್ಲಾಸ್ಟರು ಚೀಲದಲ್ಲೇ ಕಲ್ಲಾಗುತ್ತದೆ,
ಯಾರಿಗೂ ಹೊಂದದ ಒಂದು ದೊಡ್ಡ ದವಡೆ.
ಗೋಡೆಗೆ ಒಂದು ವರ್ಷ ಬಣ್ಣ ಹೊಡೆಸಿದೆ, ಒಂದು ವರ್ಷ ಟೈಲು,
ಮತ್ತೊಂದು ವರ್ಷ ಸುಮ್ಮನೆ ಕ್ಯಾಲೆಂಡರು.

ಈ ಸಲ ಪತ್ತನಾಜೆಗೆ ಮೊದಲೇ ಲಾದ್ರು ಮೇಸ್ತ್ರಿಯನ್ನು ಕರೆಸಿದೆ.
ಟೈಲಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್.
"ಇದು ಟೊಳ್ಳುಂಟು. ಇದೂ. ಇದು ಮಾತ್ರ ಗಟ್ಟಿ.
ಮೇಲೆ ಚಂದ ಮಾಡಿ ಒಳಗೆ ಕೊಳೆಯಲಿಕ್ಕೆ ಬಿಟ್ಟಿದ್ದೀರಿ."
ನನಗೆ ನಗು ಬಂತು. ನಮ್ಮ ಕಸುಬಿನಲ್ಲೂ ಇದೇ ಮಾತು.

ಟೈಲು ಕಿತ್ತ, ಗಾರೆ ಕಿತ್ತ.
ಕೆಂಪುಕಲ್ಲು ಬಾಯ್ತೆರೆಯಿತು, ಹುಳುಕು ಹುಳುಕು,
ಒಂದೊಂದು ತೂತಿನಲ್ಲೂ ಹೋದ ವರ್ಷದ ಮಳೆ, ತಣ್ಣಗೆ.
ಕೊರೆದ. ಧೂಳು ಊದಿ ತೆಗೆದ.
ನಳಿಗೆ ಸಿಕ್ಕಿಸಿ ತೆಳು ಸಿಮೆಂಟು ತುಂಬಿದ.
ಪಂಪು ಒತ್ತುವಾಗ ಅವನ ನಾಲಿಗೆ ತುಟಿಯ ಒಂದು ಬದಿಗೆ,
ಮೇಣ ತಿದ್ದುವಾಗ ನನ್ನದೂ ಹಾಗೆಯೇ.
ಮೂಲೆಗಳನ್ನು ಗುಂಡಗೆ ಮೆತ್ತಿದ,
"ಮೂಲೆ ಅಂದರೆ ನೀರಿಗೆ ಅಜ್ಜಿಮನೆ, ಬಂದರೆ ಹೋಗುವುದಿಲ್ಲ."
ಬ್ರಷ್ಷು ಒಮ್ಮೆ ಅಡ್ಡಕ್ಕೆ, ಒಣಗಿದ ಮೇಲೆ ಉದ್ದಕ್ಕೆ.
ನೀರು ಬಾರದಿರಲಿ ಎಂದು ಆ ಗೋಡೆಗೆ
ಏಳು ದಿನ ನಾನೇ ನೀರು ಕುಡಿಸಿದೆ.

ಮಳೆ ಹಿಡಿಯಿತು. ಮೂರು ದಿನ, ಒಂದೇ ಸಮನೆ.
ಗೋಡೆಗೆ ಕೆನ್ನೆ ಇಟ್ಟು ನೋಡಿದೆ:
ಒಣ.
ಹೊಸ ಚೀಲ ಬಿಚ್ಚಿದರೆ ಹುಡಿ ಹುಡಿಯಾಗಿಯೇ ಇತ್ತು.
ಎಂಟು ವರ್ಷದಲ್ಲಿ ಮೊದಲ ಸಲ
ಪ್ಲಾಸ್ಟರಿಗೆ ಪ್ಲಾಸ್ಟರಿನದೇ ವಾಸನೆ.

ನಾಲ್ಕನೇ ಬೆಳಿಗ್ಗೆ ಕೆಳಗಿನ ಮನೆಯ ನೆಬಿಸಮ್ಮ ಬಂದರು.
ಕೊಡೆ ಮಡಚದೆ ಮೆಟ್ಟಿಲಲ್ಲೇ ನಿಂತು,
"ನಮ್ಮ ಅಡಿಗೆಕೋಣೆಯ ಗೋಡೆ ಬೆವರುವುದುಂಟು.
ಅಕ್ಕಿಡಬ್ಬ ಎತ್ತಿ ಮಂಚದ ಮೇಲಿಟ್ಟೆ.
ಯಾವತ್ತೂ ಇರಲಿಲ್ಲ ಇದು. ನಿಮ್ಮದು ಹೇಗುಂಟು?"

ಕಪಾಟಿನ ಎರಡನೇ ಸಾಲಿನಲ್ಲಿ ಅವರದೇ ಕೆಳದವಡೆ
ಬೆಳ್ಳಗೆ, ಚೆನ್ನಾಗಿ ಒಣಗಿ ಕೂತಿತ್ತು.
ನನ್ನ ಬಾಯಿಯೂ ಒಣಗಿತು.

ಲಾದ್ರುವಿಗೆ ಫೋನು ಮಾಡಿದೆ.
"ನೀರನ್ನು ಕೊಲ್ಲಲಿಕ್ಕೆ ಆಗ್ತದಾ ಅಕ್ಕ? ದಾರಿ ತಪ್ಪಿಸಬಹುದು, ಅಷ್ಟೆ.
ಹೊರಗಿನಿಂದ ಅಗೆದು ಕಣಿ ಮಾಡಬೇಕು ಅಂತ ಅವತ್ತೇ ಹೇಳಿದ್ದೆ.
ನೀವು ರೇಟು ಕೇಳಿ ಸುಮ್ಮನಾದಿರಿ."

ಹೌದು, ಹೇಳಿದ್ದ.
ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೆ
ಎದುರಿನ ಒಸಡು ಹುಣ್ಣಾಗುತ್ತದೆ.
ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಉಜ್ಜಿ
ಇಪ್ಪತ್ತು ವರ್ಷ ಅದನ್ನೇ ತಿದ್ದಿದವಳು ನಾನು.

ಮಳೆಯಲ್ಲೇ ಅಗೆಯುತ್ತಿದ್ದೇವೆ ಈಗ,
ಹಾರೆ ನೆಬಿಸಮ್ಮನದು, ಜಲ್ಲಿಯ ದುಡ್ಡು ನನ್ನದು.
ಎರಡು ಮನೆಯ ನಡುವೆ ಮೊಣಕಾಲುದ್ದದ ಕೆಂಪು ಕಣಿ
ಆಗಲೇ ಹರಿಯತೊಡಗಿದೆ.
ಕೆಳತುದಿಯನ್ನು ಎಲ್ಲಿ ಬಿಡುವುದು ಎಂದು
ಇನ್ನೂ ಮಾತಾಗಿಲ್ಲ.
ಅಲ್ಲಿ, ಹಲಸಿನ ಮರದ ಆಚೆ,
ಮತ್ತೊಂದು ಮನೆ ಉಂಟು.